ಜನವರಿ ಹನ್ನೊಂದರ ಹುಡುಗಿ

"ಇವತ್ತು ಬ್ಯಾಡವ್ವಾ, ನಾಳೆ ಹಂಚು," ಎಂದು ಹೆಡ್‌ಮಾಸ್ತರ ಹಣಮಂತರಾಯರು ಲಾಲಮ್ಮನ ಕೈಯಲ್ಲಿದ್ದ ಬತ್ತಾಸಿನ ತಾಟನ್ನು ಕಂಡು ಹಿಂದಕ್ಕೆ ಸರಿದರು. ಶಹಾಬಾದದ ಆ ಶಾಲೆಯ ಅಂಗಳದಲ್ಲಿ ಮಕ್ಕಳು ಆಗಲೇ ಪ್ರಾರ್ಥನೆಗೆ ಸಾಲು ಹಿಡಿದಿದ್ದವು. ತಾಟು ಕಂಡದ್ದೇ ತಡ, ಸಾಲುಗಳೆಲ್ಲ ಆ ಕಡೆಗೇ ವಾಲಿದವು.

ಹಣಮಂತರಾಯರದು ಒಂದು ಪದ್ಧತಿ. ಪ್ರಾರ್ಥನೆ ಮುಗಿದ ಮೇಲೆ ಆ ದಿನದ ಮಹತ್ವ ಹೇಳದೆ ಮಕ್ಕಳನ್ನು ಒಳಗೆ ಬಿಟ್ಟವರಲ್ಲ. ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾವ ಯುದ್ಧ ನಿಂತಿತು, ಎಲ್ಲ ಅವರಿಗೆ ಬಾಯಿಪಾಠ. ದೊಡ್ಡವರು ಹುಟ್ಟಿದ ದಿನವಾದರೆ ಚಪ್ಪಾಳೆ, ತೀರಿದ ದಿನವಾದರೆ ಒಂದು ನಿಮಿಷ ಮೌನ. ಎಪ್ಪತ್ಮೂರನೇ ಇಸವಿಯ ಆ ಜನವರಿ ಹನ್ನೊಂದು, ಏಳು ವರ್ಷದ ಹಿಂದೆ ಪ್ರಧಾನಿಯಾಗಿದ್ದ ಶಾಸ್ತ್ರೀಜಿ ತೀರಿಕೊಂಡ ದಿನ. ದುಃಖದ ಭಾಷಣವನ್ನು ಹಿಂದಿನ ದಿನವೇ ಹೊಂದಿಸಿಕೊಂಡು ಬಂದಿದ್ದರು. ಈಗ ನೋಡಿದರೆ ಈ ಹೆಣ್ಣುಮಗಳು ಸಿಹಿ ಹಿಡಿದು ನಿಂತಿದ್ದಾಳೆ!

"ಶಾಸ್ತ್ರೀಜಿ ಹೋದ ದಿನ ಅದವ್ವಾ. ಸಾಲ್ಯಾಗ ಸಿಹಿ ಹಂಚಿದ್ರ ಮಂದಿ ಏನಂದಾರು?"

"ನನ್ನ ಮಗಳು ಚಂದ್ರಭಾಗಾ ಹುಟ್ಟಿದ್ದೂ ಅವತ್ತೇರಿ," ಎಂದಳು ಲಾಲಮ್ಮ. ಹಾಸುಗಲ್ಲಿಗೆ ಪಾಲಿಶ್ ಮಾಡುವ ಕೆಲಸದವಳು. ಸೆರಗಿನ ತುಂಬ ಕಲ್ಲಿನ ಪುಡಿ. "ಹೊತ್ತು ಮೂಡೂದಕ್ಕ ಹುಟ್ಟಿದಳು. ಸಕ್ಕರಿ ತರ್ತೀನಂತ ನಮ್ಮ ಮನಿಯವ್ರು ಬಜಾರಕ್ಕ ಹೋದ್ರ ದುಕಾನೆಲ್ಲ ಬಂದ್. ಬರಿಗೈಲೆ ಬಂದ್ರು. ನಮ್ಮತ್ತಿ ಏನಂದಳು ಗೊತ್ತದೇನ್ರಿ? ದೊಡ್ಡ ಮನುಷ್ಯಾನ್ನ ನುಂಗೇ ಹುಟ್ಯಾಳ ಅಂದಳು. ಆವಾಗಿಂದ ಈ ಹುಡುಗಿ ಹುಟ್ಟಿದ ದಿನಾನ ನಾಳಿಗಿ, ನಾಳಿಗಿ ಅಂತ ದೂಡ್ಕೋತ ಬಂದೀವಿ."

"ಹಳೇ ಮಂದಿ ಏನರ ಅಂತಾರ ಬಿಡು. ನಾಳೆ ಹಂಚು, ನಾನೇ ನಿಂತು ಚಪ್ಪಾಳಿ ಹೊಡಸ್ತೀನಿ."

"ಅತ್ತಿ ಮಾತು ಇಕಿಗಿ ತಿಳೀತಿದ್ದಿಲ್ರಿ. ನಿಮ್ಮ ಮಾತು ಭಾಳ ತಿಳೀತದ." ಲಾಲಮ್ಮ ತನ್ನ ಬೆನ್ನ ಹಿಂದೆ ಅಡಗಿದ್ದ ಮಗಳನ್ನು ಮುಂದಕ್ಕೆಳೆದಳು. "ಹೋದ ವರ್ಷ ಇದೇ ದಿನ ದೇಶಕ್ಕೇ ಕತ್ತಲಿ ಕವೀತು ಅಂತ ಹೇಳಿದ್ರಂತ. ಮನಿಗಿ ಬಂದಾಕಿ ಉಣ್ಣಲೇ ಇಲ್ಲ. ಕೇಳ್ರಿ, ಅಕಿನ್ನೇ ಕೇಳ್ರಿ."

ಹಣಮಂತರಾಯರು ಬಗ್ಗಿದರು. "ಏನಾತವ್ವಾ ಚಂದ್ರಭಾಗಾ?"

ಹುಡುಗಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. ಆಮೇಲೆ, "ಸರ್, ನಾ ಒಂದು ದಿನ ತಡಾ ಮಾಡಿ ಹುಟ್ಟಿದ್ರ ಶಾಸ್ತ್ರೀಜಿ ಉಳೀತಿದ್ರೇನ್ರಿ?" ಎಂದಳು.

ಹಣಮಂತರಾಯರು ತಮ್ಮ ಭಾಷಣಕ್ಕೆ ಮಕ್ಕಳು ಆಕಳಿಸುತ್ತವೆ ಎಂದು ದಿನಾ ರೇಗುತ್ತಿದ್ದರು. ಇಲ್ಲಿ ಒಬ್ಬಳು ಅಕ್ಷರ ಅಕ್ಷರವನ್ನೂ ಕೇಳಿಸಿಕೊಂಡು ವರ್ಷವಿಡೀ ಹೊತ್ತು ತಿರುಗಿದ್ದಳು. ಅವರಿಗೆ ನಾಚಿಕೆಯಾಯಿತು.

"ಇಲ್ಲವ್ವಾ, ಇಲ್ಲ. ಅವರು ಹೋಗಿದ್ದು ಎಲ್ಲೋ ದೂರ ತಾಷ್ಕೆಂಟಿನಾಗ, ನಡುರಾತ್ರಿ ದಾಟಿದ ಮ್ಯಾಲ. ನೀ ಆವಾಗ ಇನ್ನಾ ಹುಟ್ಟಿದ್ದೇ ಇಲ್ಲ. ನಿನ್ನಿಂದ ಏನೂ ಆಗಿಲ್ಲ, ತಿಳೀತಾ?"

ಹುಡುಗಿ ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. "ಹಂಗಾರ ಬತ್ತಾಸು ಯಾಕ ನಾಳಿಗಿ ಹಂಚಬೇಕ್ರಿ?"

ಬಗ್ಗಿದ್ದ ಹೆಡ್‌ಮಾಸ್ತರರು ನೆಟ್ಟಗೆ ನಿಂತರು. ತಾಟನ್ನು ಲಾಲಮ್ಮನ ಕೈಯಿಂದ ತಾವೇ ಇಸಿದುಕೊಂಡರು, ಸಾಲುಗಳ ನಡುವೆ ಹಾದು ಒಬ್ಬೊಬ್ಬರಿಗೂ ಒಂದೊಂದು ಕೊಟ್ಟರು. ಹೊಂದಿಸಿಕೊಂಡು ಬಂದಿದ್ದ ಭಾಷಣ ತಲೆಯಿಂದ ಹಾರಿಹೋಗಿತ್ತು.

"ಇವತ್ತು ನಮ್ಮ ಚಂದ್ರಭಾಗಾ ಹುಟ್ಟಿದ ದಿನ. ಶಾಸ್ತ್ರೀಜಿ ತೀರಿಕೊಂಡ ದಿನಾನೂ ಹೌದು. ಎಲ್ಲಾರೂ ಬತ್ತಾಸು ಬಾಯಾಗ ಹಾಕ್ಕೋರಿ, ಒಂದು ನಿಮಿಷ ಸುಮ್ಮ ನಿಂದರ್ರಿ."

ಮೌನ ಎಂದರೆ ಆ ಶಾಲೆಯಲ್ಲಿ ಪ್ರತಿ ಸಲವೂ ಕೆಮ್ಮು, ಕಿಸಕ್ಕನೆ ನಗು, ಹಿಂದಿನ ಸಾಲಿನಲ್ಲಿ ಗುದ್ದಾಟ. ಆ ದಿನ ಮಾತ್ರ ಇಡೀ ಶಾಲೆ, ಹೆಡ್‌ಮಾಸ್ತರರೂ ಸೇರಿ, ಒಂದೊಂದು ಕೆನ್ನೆ ಉಬ್ಬಿಸಿಕೊಂಡು, ತಲೆ ಬಗ್ಗಿಸಿ ಪಿಟ್ಟೆನ್ನದೆ ನಿಂತಿತ್ತು. ತಲೆ ಎತ್ತಿ ನಿಂತವಳು ಚಂದ್ರಭಾಗಾ ಒಬ್ಬಳೇ.