ಭೂಮಿ ಕಾಣುವ ಕುರ್ಚಿ

ಮಂಗಳ ಗ್ರಹದ ಮಿತ್ರಪಡೆಗಳ ಶಿಬಿರದಲ್ಲಿ ಭೂಮಿ ಕಾಣುವ ಕಿಟಕಿ ಒಂದೇ, ಅದರ ಮುಂದೆ ಕುರ್ಚಿಯೂ ಒಂದೇ. ಶತ್ರುವಿನ ಸುಳಿವಿಲ್ಲದೆ ಕೈ ತುರಿಸುತ್ತಿದ್ದ ಸೈನಿಕರು ಆ ಕುರ್ಚಿಗಾಗಿ ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದರು. ಕೊನೆಗೆ ಮೇಲಿನವರು ಎರಡು ದೇಶದವರನ್ನು ಜೋಡಿ ಮಾಡಿ, ಕಿವಿಯ ಹಿಂದೆ ಬಿಲ್ಲೆ ಕೂರಿಸಿದರು. ಅಂದಿನಿಂದ ಒಬ್ಬನ ಮೈಗಾದದ್ದು ಅವನ ಜೋಡಿಗೂ ಆಗುತ್ತಿತ್ತು. ಮುಷ್ಟಿ ಎತ್ತುವುದು ನಿಂತಿತು, ಜಗಳ ನಿಲ್ಲಲಿಲ್ಲ.

ನಾಳೆಯಿಂದ ಭೂಮಿ ಸೂರ್ಯನ ಮರೆಗೆ ಹೋಗಲಿತ್ತು. ಇಂಡಿ ತಾಲೂಕಿನ ಹವಾಲ್ದಾರ್ ಮಲಕಾರಿ ಓಡಿ ಬಂದರೆ, ಅವನ ಜೋಡಿ, ಫಿನ್ಲೆಂಡಿನ ಯುಹೋ, ಆಗಲೇ ಕುರ್ಚಿ ಹಿಡಿದಿದ್ದ.

"ಏಳಪಾ, ಇವತ್ತ ನನ್ನ ಪಾಳಿ."

"ನಿನ್ನೆಯೂ ಹಾಗೇ ಅಂದಿದ್ದೆ!"

ಮಲಕಾರಿ ರೊಟ್ಟಿಗೆ ಕೆಂಪು ಖಾರ ಬಳಿದು ಬಾಯಿಗಿಟ್ಟ. ಅತ್ತ ಯುಹೋನ ಕಿವಿ ಕೆಂಪಾಗಿ ಮೂಗು ಸೋರಿತು.

"ಏಳ್ತಿಯೋ, ಇನ್ನೊಂದ ತುತ್ತ ಹಾಕ್ಲೋ?"

ಯುಹೋ ಪಕ್ಕದಲ್ಲಿದ್ದ ಮಂಜುಗಡ್ಡೆಯ ಬಕೆಟ್ಟಿಗೆ ಎರಡೂ ಕಾಲು ಇಳಿಬಿಟ್ಟ. "ಸತ್ನ್ಯೋ ಯಪ್ಪಾ!" ಎಂದು ಮಲಕಾರಿ ಕುಣಿದಾಡಿದ. ಎರಡೂ ಪಡೆಯವರು ಬೆಂಚು ಬಡಿದು ನಕ್ಕರು.

ಅಷ್ಟರಲ್ಲಿ ಹೊರಗಿನ ಧೂಳು ಸರಿದು ಭೂಮಿ ಮಿನುಗಿತು. ಯುಹೋ ಬಕೆಟ್ಟು ದೂಡಿ ಅತ್ತಲೇ ನೋಡುತ್ತ ಕೂತ. ಕಿಟಕಿಗೆ ಬೆನ್ನಾಗಿ ನಿಂತಿದ್ದ ಮಲಕಾರಿಯ ಎದೆಯಲ್ಲಿ, ಮಗಳನ್ನು ಎತ್ತಿಕೊಂಡಾಗ ಆಗುತ್ತಿದ್ದಂತೆ, ಏನೋ ಬೆಚ್ಚಗೆ ಉಕ್ಕಿತು. ಅದು ಯುಹೋನ ಎದೆಯಿಂದ ಬಂದದ್ದು. ಮಲಕಾರಿ ಗೋಡೆಗೊರಗಿದ.

ಯುಹೋಗೂ ಅದು ತಿಳಿಯಿತೇನೋ, ನಾಚಿಕೊಂಡು ಎದ್ದ. "ಬಾ, ನೀನೇ ಕೂತ್ಕೋ."

"ಬ್ಯಾಡ, ಅಲ್ಲೇ ಕುಂಡ್ರು ದೋಸ್ತ," ಎಂದ ಮಲಕಾರಿ. "ಕಣ್ಣ ಮಾತ್ರ ಮುಚ್ಚಬ್ಯಾಡ."