ನಡುದಾರಿಯ ತಂಗು

ವಿಮಾನದಲ್ಲಿ ಹಾರಿದ ಮೈಲುಗಳನ್ನು ಕೂಡಿಟ್ಟು ಪುಕ್ಕಟೆ ಟಿಕೆಟ್ ಗಿಟ್ಟಿಸುವುದರಲ್ಲಿ ಅವಳ ಗಂಡ ಪಳಗಿದವನು. ಪರದೇಶದ ಮನೆಯಿಂದ ಬ್ಯಾಂಕಾಕಿಗೆ ಹೋಗಿಬರುವ ಟಿಕೆಟ್ಟಿನಲ್ಲಿ, ನಡುದಾರಿಯ ಬೆಂಗಳೂರಿನಲ್ಲಿ ಕೆಲವು ದಿನ ತಂಗುವ ಅವಕಾಶವಿತ್ತು. ಮದುವೆಯಾದ ಮೇಲೆ ಮೊದಲ ಸಲ ಅವಳು ಅಲ್ಲಿನ ಅಕ್ಕನ ಮನೆಯ ದೇವರಿಗೆ ದೀಪ ಹಚ್ಚಿದ್ದು ಹಾಗೆ.

ಪರದೇಶದಲ್ಲಿ ಗಂಡ ಕೆಲಸಕ್ಕೆ ಹೋಗುವಾಗ ತನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಾನೆಂದು ಅಕ್ಕನಿಗೆ ಹೇಳಿದ್ದಳು.

“ಇಲ್ಲೇ ಇದ್ದುಬಿಡೇ.”

“ಅವರು ಬಿಡ್ತಾರಾ, ಅಕ್ಕಾ?”

ಬ್ಯಾಂಕಾಕಿಗೆ ಹೊರಡುವ ದಿನ ಬೆಳಗ್ಗೆ ಅವಳು ದೇವರ ಮುಂದಿನಿಂದ ಏಳಲೇ ಇಲ್ಲ. ಗಂಡ ಬಾಗಿಲಲ್ಲಿ ನಿಂತು ಕೂಗಿದ.

“ಏಳೇ ಮಹಾರಾಯ್ತಿ, ನಿನ್ನ ದೇವರು ಬಂದು ವಿಮಾನ ನಿಲ್ಲಿಸಲ್ಲ.”

“ನಾನು ಇಲ್ಲಿ ಹತ್ತದೇ ಹೋದ್ರೆ ಏನಾಗುತ್ತೆ?”

“ಒಂದು ಕಡೆ ತಪ್ಪಿಸಿದ್ರೆ ಸಾಕು, ನಿನ್ನ ಮುಂದಿನ ಟಿಕೆಟ್ಟೆಲ್ಲ ತಾನಾಗೇ ರದ್ದು. ಅದು ವಿಮಾನದವರ ರೂಲು.”

“ಮನೆಗೆ ವಾಪಸ್ ಹೋಗೋದೂ?”

“ಅದೂನೂ! ಇನ್ನೊಂದು ಕೊಡಿಸ್ತೀನಿ ಅಂದ್ಕೊಂಡ್ಯಾ? ಜನ್ಮಪೂರ್ತಿ ಇಲ್ಲೇ ಬಿದ್ದಿರ್ತೀಯ, ನೋಡ್ಕೋ.”

ಅವಳು ಎದ್ದು, ಅವನ ಪೆಟ್ಟಿಗೆಯನ್ನಷ್ಟೇ ಹೊಸ್ತಿಲಾಚೆ ಇಟ್ಟು ಬಂದು, ದೀಪಕ್ಕೆ ಎಣ್ಣೆ ಹಾಕಿ ಮತ್ತೆ ಕೂತಳು.