ಇನ್ನೂರು ನೆಟ್ಟನೆಯ ಮೇಣದಬತ್ತಿ

ಐವತ್ತೇಳನೆಯ ಮೇಣದಬತ್ತಿಯೂ ಸೊಂಟ ಬಗ್ಗಿಸಿದಾಗ ಬತ್ತಿಯಕ್ಕನ ತಾಳ್ಮೆ ಕರಗಿಹೋಯಿತು. ಅವಳ ಮನೆಗೆ ಬೆನ್ನು ಹಾಕಿ ನಿಂತ ಸಭಾಂಗಣದ ಹಿಂಗೋಡೆಗೆ ಸಾಲಾಗಿ ಕೂರಿಸಿದ್ದ ಆರು ಎಸಿ ಪೆಟ್ಟಿಗೆಗಳು ಒಳಗಿನ ಬಿಸಿಯನ್ನೆಲ್ಲ ನೇರ ಅವಳ ಕಿಟಕಿಗೇ ಉಗುಳುತ್ತಿದ್ದವು. ಕಿಟಕಿ ಮುಚ್ಚೋಣವೆಂದರೆ ಮೇಣ ಕಾಯಿಸುವ ಒಲೆ ಅದೇ ಕೋಣೆಯಲ್ಲಿ. ಅರ್ಧ ಮುಚ್ಚಿ ಅರ್ಧ ಬಿಟ್ಟಿದ್ದಳು. ತಮಾಷೆಯೆಂದರೆ, ಸಂಜೆ ದೀಪ ಹಿಡಿದು ಪ್ರತಿಜ್ಞೆ ಮಾಡಲು ಇನ್ನೂರು ಬತ್ತಿ ಬೇಕೆಂದವರೂ ಅಲ್ಲಿ ಸಭೆ ನಡೆಸುತ್ತಿದ್ದವರೇ. “ಒಂದೇ ಒಂದು ಸೊಟ್ಟಗಿದ್ದರೂ ಅಷ್ಟೂ ವಾಪಸ್” ಎಂದು ಸಂಚಾಲಕರು ಬೆರಳೆತ್ತಿ ಹೇಳಿಹೋಗಿದ್ದರು. ಅವಳ ಕೈಗೆ ಬಂದ ಮೊದಲ ದೊಡ್ಡ ಆರ್ಡರು ಅದು.

“ಅತ್ತೆ, ತಟ್ಟೇಲಿರೋ ಬತ್ತಿಗಳಿಗೆ ಗಾಳಿ ಹಾಕ್ತಾ ಇರಿ, ಈಗ ಬಂದೆ” ಎಂದು ರಟ್ಟಿನ ತುಂಡನ್ನು ಮುದುಕಿಯ ಕೈಗೆ ತುರುಕಿ ಓಡಿದಳು.

ಸಭೆಯೊಳಗೆ ಹಲ್ಲು ಕಟಕಟ ಎನ್ನುವ ಚಳಿ. ‘ಭೂಮಿಗೆ ಜ್ವರ: ಬರಿಸಿದವರಾರು, ನರಳುವವರಾರು?’ ಎಂಬ ಬ್ಯಾನರಿನಡಿ ಶಾಲು ಹೊದ್ದ ಪ್ರೊಫೆಸರು “ಭೂ... ಭೂ... ಭೂಮಿ ಸುಡುತ್ತಿದೆ” ಎನ್ನುತ್ತಿದ್ದರು. ಭಾವಾವೇಶವೋ ನಡುಕವೋ, ಅವರಿಗೇ ಗೊತ್ತು.

“ಸಾರ್, ಆ ಮೆಷಿನ್ ಒಂದ್ ಗಂಟೆ ಆಫ್ ಮಾಡ್ಸಿ. ನಿಮ್ಮ ಬತ್ತಿಗಳೇ ಬಗ್ಗಿ ಹೋಗ್ತಿವೆ.”

“ಸಾರ್ವಜನಿಕರು ಚೀಟೀಲಿ ಬರೆದು ಕೊಡ್ಬೇಕಮ್ಮಾ” ಎಂದರು ಸಂಚಾಲಕರು.

ಬರೆದಳು. ಅವರು ಮೈಕಿನಲ್ಲಿ ಓದಿದರು. ತೂಕಡಿಸುತ್ತಿದ್ದ ಸಭೆಗೆ ಜೀವ ಬಂತು.

“ಮುಂದಿನ ಸಾಲಿನೋರು ಬೆಳಿಗ್ಗೆಯಿಂದ ತಣ್ಣಗೆ ಕೂತಿದ್ದಾರೆ!” ಹಿಂದಿನ ಸಾಲಿನ ಮೀಸೆಯವರು ಎದ್ದರು. “ನಾವು ಊಟ ಆದ್ಮೇಲೆ ಬಂದೋರು. ನಮ್ಮ ಪಾಲಿನ ತಂಪು ಸಿಗೋವರೆಗೂ ಆಫ್ ಮಾಡೋ ಹಾಗಿಲ್ಲ!”

“ಹಿಂದುಗಡೆ ಒಂದು ಮನೆ ಇದೆ ಅಂತ ಬೆಳಿಗ್ಗೆ ನಮಗೇನ್ರೀ ಗೊತ್ತಿತ್ತು?” ಮುಂದಿನ ಸಾಲಿನ ಕೋಟಿನವರು ತಿರುಗಿದರು. “ಅಷ್ಟಕ್ಕೂ ಈಗ ಮೆಷಿನ್ ಏದುಸಿರು ಬಿಡ್ತಿರೋದು ನಿಮ್ಮಿಂದ. ನಿಮ್ಮ ಸಾಲಲ್ಲಿ ಎಷ್ಟು ತಲೆ ಇವೆ, ಎಣಿಸ್ಕೊಳ್ಳಿ!”

ಮುಕ್ಕಾಲು ಗಂಟೆ ಜಗ್ಗಾಡಿ, ಕೊನೆಗೆ ಭಾರೀ ಚಪ್ಪಾಳೆಯ ನಡುವೆ ಒಪ್ಪಂದವಾಯಿತು: ಹಂತ ಹಂತವಾಗಿ, ಆರೂವರೆಯ ಹೊತ್ತಿಗೆ, ತಂಪಿನಲ್ಲಿ ಒಂದು ಡಿಗ್ರಿ ಕಡಿತ. ಸಭೆ ಮುಗಿಯುವುದು ಆರಕ್ಕೆ.

“ಆರೂವರೆಗೆ ನೀವ್ಯಾರೂ ಇರೋದೇ ಇಲ್ವಲ್ಲ ಸಾರ್?”

“ಅದಕ್ಕೇ ತಾಯಿ ಎಲ್ಲರೂ ಒಪ್ಪಿದ್ದು” ಎಂದರು ಸಂಚಾಲಕರು, ಮೆತ್ತಗೆ.

ಐದೂ ಮುಕ್ಕಾಲಿಗೆ ಬುಟ್ಟಿ ವೇದಿಕೆಗೆ ಬಂತು. ಇನ್ನೂರಕ್ಕೆ ಇನ್ನೂರೂ ಬೆನ್ನು ಬಾಗಿದ್ದವು. ಬೈಗುಳ ಕೇಳಲು ಬತ್ತಿಯಕ್ಕ ಕಣ್ಣು ಮುಚ್ಚಿ ನಿಂತಳು. ಸಂಚಾಲಕರು ಒಂದನ್ನೆತ್ತಿ ಅತ್ತಿತ್ತ ತಿರುಗಿಸಿದರು. “ಭೂಮಿಗೆ ತಲೆಬಾಗಿದ ದೀಪ! ಆಹಾ, ಏನ್ ಕಲ್ಪನೆ ತಾಯಿ ನಿಂದು!”

ಆದರೆ ಹಚ್ಚಿದ್ದೆಲ್ಲ ಎಸಿ ಗಾಳಿಗೆ ಆರುತ್ತಿತ್ತು. ಫೋಟೋದವನು ಗೊಣಗಿದ. ಸಂಚಾಲಕರು ವಾಚ್‌ಮನ್ನನಿಗೆ ಕಣ್ಸನ್ನೆ ಮಾಡಿದರು. ಟಕ್. ಆರೂ ಪೆಟ್ಟಿಗೆಗಳು ಬಾಯಿ ಮುಚ್ಚಿದವು. ಫೋಟೋ ಆಯಿತು.

“ಉಸ್ಸಪ್ಪಾ, ಏನ್ ಸೆಕೆ!” ಎಂದರು ಶಾಲಿನ ಪ್ರೊಫೆಸರು. ಮತ್ತೆ ಟಕ್. ಇನ್ನೂರು ದೀಪಗಳೂ ಒಟ್ಟಿಗೆ ಆರಿದವು.

“ಮುಂದಿನ ವಾರ ಇನ್ನೂ ದೊಡ್ಡ ಸಭೆ. ಐನೂರು ಬೇಕು” ಎಂದು ಸಂಚಾಲಕರು ಬೆರಳೆತ್ತಿದರು. “ಒಂದೇ ಒಂದು ನೆಟ್ಟಗಿದ್ದರೂ ಅಷ್ಟೂ ವಾಪಸ್.”

ಮನೆಯಲ್ಲಿ ಅತ್ತೆ ಖಾಲಿ ತಟ್ಟೆಗೆ ಇನ್ನೂ ಗಾಳಿ ಹಾಕುತ್ತಲೇ ಇದ್ದರು. ಬತ್ತಿಯಕ್ಕ ಅವರ ಕೈಯಿಂದ ರಟ್ಟು ಇಸಿದುಕೊಂಡಳು. ಅರ್ಧ ಮುಚ್ಚಿದ್ದ ಕಿಟಕಿಯನ್ನು ಪೂರ್ತಿ ತೆರೆದಳು.